ಶಿಥಿಲವೆಂದು ಬರೆದ ಮಾತ್ರಕ್ಕೆ ಶಾಲೆಯನ್ನು ಕೆಡವಬೇಕೇ?

ಪ್ರಶ್ನೆ: ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿರುವ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಂಚಿನ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ನಮ್ಮಜ್ಜ, ಅಪ್ಪ, ನಾನು ಮೂವರೂ ಅಲ್ಲಿಯೇ ಓದಿದವರು. ಈಗ ಹಿಂಬದಿಯ ಎರಡು ಕೋಣೆಗಳು ಸೋರುತ್ತಿವೆ, ಒಂದು ಗೋಡೆ ಬಿರುಕು ಬಿಟ್ಟಿದೆ. ಕಟ್ಟಡ ಶಿಥಿಲವಾಗಿದೆಯೆಂದು ಬೇಸಿಗೆ ರಜೆಯಲ್ಲಿ ಕೆಡವಿ ಆರ್‌ಸಿಸಿ ಕಟ್ಟಡ ಕಟ್ಟುತ್ತಾರಂತೆ. ಹಳೆಯ ವಿದ್ಯಾರ್ಥಿಗಳಾದ ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿರುವ ‘ಶಿಥಿಲ’ ಎಂಬ ಪದವನ್ನೇ ಮೊದಲು ಹಿಡಿದುಕೊಳ್ಳಿ. ಅದನ್ನು ಬರೆದವರು ಯಾರು, ಯಾವ ಪರೀಕ್ಷೆಯ ಆಧಾರದ ಮೇಲೆ ಬರೆದರು ಎಂಬುದು ತಿಳಿಯದೆ ಮುಂದಿನ ಯಾವ ಹೆಜ್ಜೆಯೂ ಗಟ್ಟಿಯಾಗುವುದಿಲ್ಲ. ಕಟ್ಟಡದ ಪರಿಶೀಲನಾ ವರದಿ, ಕೆಡವಲು ಹೊರಡಿಸಿದ ಆದೇಶ ಮತ್ತು ಹೊಸ ಕಟ್ಟಡದ ಅಂದಾಜು ಪಟ್ಟಿ, ಈ ಮೂರರ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಉತ್ತರ ಕೊಡಲು ಅವರಿಗೆ 30 ದಿನಗಳ ಅವಕಾಶವಿರುವುದರಿಂದ ಅಷ್ಟರಲ್ಲಿ ಜೆಸಿಬಿ ಬಂದು ನಿಲ್ಲಬಹುದು. ಆದ್ದರಿಂದ ಎರಡನೆಯ ತಜ್ಞರ ಅಭಿಪ್ರಾಯ ಬರುವವರೆಗೆ ಕೆಡವಬಾರದೆಂಬ ಮನವಿಯನ್ನು ಅದೇ ದಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲಾಭಿವೃದ್ಧಿ ಸಮಿತಿಯ ಠರಾವು ಜೊತೆಗಿದ್ದರೆ ಮನವಿಗೆ ತೂಕ ಬರುತ್ತದೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಮಾತ್ರ ವಾದಕ್ಕೆ ಇಳಿಯಬೇಡಿ. ಸೋರುವ ಕೋಣೆಗಳಿಂದ ಮಕ್ಕಳನ್ನು ಇಂದೇ ಬೇರೆಡೆಗೆ ಕಳಿಸಿ ಎಂದು ನೀವೇ ಮೊದಲು ಹೇಳಿ. ಮಕ್ಕಳನ್ನು ಸ್ಥಳಾಂತರಿಸುವುದು ಒಂದು ತೀರ್ಮಾನ, ಕಟ್ಟಡವನ್ನು ಕೆಡವುವುದು ಬೇರೆಯೇ ತೀರ್ಮಾನ. ಎರಡನ್ನೂ ಒಂದೇ ಕಡತದಲ್ಲಿ ಸೇರಿಸಿಬಿಡುವುದರಿಂದಲೇ ಎಷ್ಟೋ ಒಳ್ಳೆಯ ಕಟ್ಟಡಗಳನ್ನು ನಾವು ಕಳೆದುಕೊಂಡಿದ್ದೇವೆ.

ಇನ್ನು ಬಿರುಕು ಮತ್ತು ಸೋರಿಕೆ. ಹೆಂಚಿನ ಕಟ್ಟಡಕ್ಕೆ ಹೆಚ್ಚಿನ ಕೇಡು ಬರುವುದು ನೀರಿನಿಂದ. ನಾಲ್ಕು ಹೆಂಚು ಸರಿದರೆ ಮಳೆ ನೀರು ಹೆಂಚಿನಡಿಯ ಮರದ ಪಟ್ಟಿಯಾದ ರೀಪಿಗೆ ಇಳಿಯುತ್ತದೆ, ರೀಪಿನಿಂದ ಅದನ್ನು ಹೊತ್ತ ಓರೆಮರವಾದ ಪಕಾಸಿಗೆ, ಅಲ್ಲಿಂದ ತೊಲೆ ಗೋಡೆಯ ಮೇಲೆ ಕೂತ ಜಾಗಕ್ಕೆ; ಆ ಒದ್ದೆಯನ್ನು ಹುಡುಕಿಕೊಂಡು ಗೆದ್ದಲು ಬರುತ್ತದೆ. ಇದು ಮಾಡಿನ ಒಂದು ಭಾಗದ ಕಾಯಿಲೆಯೇ ಹೊರತು ಇಡೀ ಕಟ್ಟಡದ ಸಾವಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮದಿಂದ ಹಬ್ಬಿದ ಈ ಮಾಡಿನ ದೊಡ್ಡ ಗುಣವೆಂದರೆ, ಕೆಟ್ಟ ಹೆಂಚನ್ನೋ ಪಕಾಸನ್ನೋ ಬಿಡಿಬಿಡಿಯಾಗಿ ತೆಗೆದು ಬದಲಿಸಬಹುದು. ಗೋಡೆಯ ಬಿರುಕಿನ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಅಂಟಿಸಿ ದಿನಾಂಕ ಬರೆದಿಡಿ. ಅದು ಒಡೆದರೆ ಗೋಡೆ ಇನ್ನೂ ಕದಲುತ್ತಿದೆಯೆಂದು ತಿಳಿಯುತ್ತದೆ. ತಿಂಗಳುಗಟ್ಟಲೆ ಹಾಗೇ ಉಳಿದರೆ ಬಿರುಕು ಹಳೆಯದಾಗಿ ನಿಂತುಹೋಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಗೋಡೆ ಹೊರಕ್ಕೆ ವಾಲಿದ್ದರೆ ಯಾರೂ ಹತ್ತಿರ ಹೋಗದಂತೆ ನೋಡಿಕೊಂಡು ಕೂಡಲೇ ಎಂಜಿನಿಯರನ್ನು ಕರೆಸಿ.

ದಯವಿಟ್ಟು ಸಿಮೆಂಟ್ ಬಳಿಸಬೇಡಿ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಬಿದ್ದರೆ ಆ ತೇವ ಒಳಗೇ ಉಳಿದು, ಉಪ್ಪು ಬಿಳಿ ಹುಡಿಯಾಗಿ ಮೂಡಿ, ಕೆಲವೇ ಮಳೆಗಾಲಗಳಲ್ಲಿ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಗಿಲಾವು ಉದುರುತ್ತದೆ. ಸುಣ್ಣವನ್ನು ಕೊಳೆಹಾಕಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಬೆರೆಸಿ ಗಾರೆ ಮಾಡಬಲ್ಲ ಕೆಲಸಗಾರರು ಈಗಲೂ ಇದ್ದಾರೆ. 1984ರಲ್ಲಿ ಸ್ಥಾಪನೆಯಾದ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಶಾಖೆಗಳು ನಮ್ಮ ರಾಜ್ಯದಲ್ಲಿವೆ. ಹಳೆಯ ಕಟ್ಟಡಗಳ ಅನುಭವವಿರುವ ಎಂಜಿನಿಯರನ್ನೂ ಇಂಥ ಕೆಲಸಗಾರರನ್ನೂ ಹುಡುಕಲು ಅಲ್ಲಿ ವಿಚಾರಿಸಿ. ದುರಸ್ತಿಯ ಅಂದಾಜು ಪಟ್ಟಿಯೊಂದನ್ನು ಅವರಿಂದ ಬರೆಸಿ ಹೊಸ ಕಟ್ಟಡದ ಅಂದಾಜಿನ ಪಕ್ಕದಲ್ಲಿಟ್ಟು ಅಧಿಕಾರಿಗಳಿಗೆ ತೋರಿಸಿ. ಭಾವನೆಯ ಮಾತಿಗೆ ಉತ್ತರಿಸದ ಕಚೇರಿಯೂ ಅಂಕಿಗಳಿಗೆ ಉತ್ತರಿಸಲೇಬೇಕಾಗುತ್ತದೆ.

ಕಾನೂನಿನ ಬಗ್ಗೆ ಅತಿಯಾದ ಭರವಸೆ ಕೊಡಲಾರೆ. ನೂರು ವರ್ಷ ತುಂಬಿತೆಂಬ ಕಾರಣಕ್ಕೆ ಯಾವ ಕಟ್ಟಡಕ್ಕೂ ತಾನಾಗಿ ರಕ್ಷಣೆ ಸಿಗುವುದಿಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸರ್ಕಾರ ಅಧಿಸೂಚನೆ ಹೊರಡಿಸಿದರಷ್ಟೇ ಅದು ಸಂರಕ್ಷಿತ ಸ್ಮಾರಕವಾಗುತ್ತದೆ. ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಅರ್ಜಿ ಹಾಕಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಉಳಿದೆಲ್ಲ ದಾರಿಗಳು ಮುಚ್ಚಿದಾಗ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಬಹುದು. ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡವುವ ಮಾತು 1980ರ ದಶಕದಲ್ಲಿ ಬಂದಾಗ ನಾಗರಿಕರು ಎದ್ದು ನಿಂತರು. ಇಂದಿಗೂ ಹೈಕೋರ್ಟ್ ನಡೆಯುತ್ತಿರುವುದು ಅದೇ ಕಟ್ಟಡದಲ್ಲಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಕಥೆ ಬೇರೆ. 2012ರಲ್ಲಿ ಅದರ ಒಂದು ಭಾಗ ಕುಸಿದು ಜೀವಗಳೇ ಹೋದವು, ಆಮೇಲೆ ದುರಸ್ತಿಯೋ ನೆಲಸಮವೋ ಎಂಬ ವಾದದಲ್ಲಿ ವರ್ಷಗಳು ಕಳೆದವು. ತಡಮಾಡಬೇಡಿ ಎನ್ನುತ್ತಿರುವುದು ಅದಕ್ಕಾಗಿಯೇ.

ಉಳಿಸಿದ ಕಟ್ಟಡ ಯಾತಕ್ಕೆ ಬಳಕೆಯಾಗುತ್ತದೆ ಎಂಬುದನ್ನೂ ಮನವಿಯಲ್ಲಿಯೇ ಬರೆಯಿರಿ. ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ ಪಾಳುಬಿದ್ದಿದ್ದ ಹಳೆಯ ರೈಲು ನಿಲ್ದಾಣವನ್ನು ರೈಲ್ವೆಯವರೇ ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ನಿಮ್ಮಲ್ಲಿ ಮುಂಭಾಗದ ಗಟ್ಟಿ ಕೋಣೆಗಳಲ್ಲಿ ತರಗತಿಗಳೇ ಮುಂದುವರಿಯಲಿ, ಹಿಂಬದಿಯವು ದುರಸ್ತಿಯಾದ ಬಳಿಕ ಗ್ರಂಥಾಲಯವಾಗಲಿ. ಹೊಸ ಕೋಣೆಗಳು ಬೇಕೇ ಬೇಕೆಂದಾದರೆ ಆವರಣದ ಖಾಲಿ ಜಾಗದಲ್ಲಿ ಕಟ್ಟಲಿ.

ಈ ವಾರವೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಮುಖ್ಯೋಪಾಧ್ಯಾಯರಿಂದ ಲಿಖಿತ ಅನುಮತಿ ಪಡೆದು, ಅನುಭವವಿರುವ ಹೆಂಚಿನ ಕೆಲಸಗಾರರಿಂದ ಸೋರುವ ಭಾಗಕ್ಕೆ ಟಾರ್ಪಾಲು ಹೊದಿಸಿ, ಸೂರಿನ ಕೆಳಗೆ ತುಂಬಿಕೊಂಡ ಚರಂಡಿಯನ್ನು ಬಿಡಿಸಿ. ಕಡತಗಳು ಕಚೇರಿಯಿಂದ ಕಚೇರಿಗೆ ಓಡಾಡುವಷ್ಟರಲ್ಲಿ ಮುಂಗಾರು ಹಿಡಿದರೂ ಆಗ ಆ ಗೋಡೆ ಇನ್ನೊಂದು ಮಳೆಗಾಲ ನಿಲ್ಲುತ್ತದೆ.