ಮಕ್ಕಳಿಗೆ ರೇಖಾಗಣಿತ: ವ್ಯಾಖ್ಯೆಯನ್ನು ಕೊನೆಗಿಡಿ

ನಮಸ್ಕಾರ. ಹತ್ತು ಹನ್ನೊಂದು ವರ್ಷದ ಐದಾರು ಮಕ್ಕಳಿಗೆ ವಾರಕ್ಕೆರಡು ದಿನ ರೇಖಾಗಣಿತ ಹೇಳಿಕೊಡುತ್ತಿರುವುದಾಗಿಯೂ, ಬಿಂದು, ರೇಖೆ, ಕಿರಣ, ಕೋನಗಳ ವ್ಯಾಖ್ಯೆಗಳನ್ನು ಅವರು ತಪ್ಪಿಲ್ಲದೆ ಒಪ್ಪಿಸಿದರೂ ಚೌಕವನ್ನು ಸ್ವಲ್ಪ ತಿರುಗಿಸಿ ಬರೆದೊಡನೆ ಅದು ಚೌಕವಲ್ಲ ಎನ್ನುತ್ತಾರೆಂದೂ ತಾವು ಬರೆದಿದ್ದೀರಿ. ಎಲ್ಲಿಂದ ಪ್ರಾರಂಭಿಸಬೇಕಿತ್ತು, ಕೋನಮಾಪಕವನ್ನು ಯಾವಾಗ ಕೈಗೆ ಕೊಡಬೇಕು, ಸಾಧನೆಯ, ಅಂದರೆ ಒಂದು ಹೇಳಿಕೆ ಎಲ್ಲ ಸಂದರ್ಭಗಳಲ್ಲೂ ನಿಜವೆಂದು ತರ್ಕದಿಂದ ತೋರಿಸುವುದರ, ಮಾತನ್ನು ಈಗಲೇ ಎತ್ತಬಹುದೇ ಎಂಬುವು ತಮ್ಮ ಪ್ರಶ್ನೆಗಳು. ಈ ವಯಸ್ಸಿನ ಮಕ್ಕಳೊಡನೆ ಕುಳಿತ ಮೊದಲ ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳೂ ಇವೇ ಆಗಿದ್ದುದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಬಿಂದುವಿನ ವ್ಯಾಖ್ಯೆಯಿಂದ ಪಾಠ ಆರಂಭಿಸುವ ಕ್ರಮವನ್ನು ದಯವಿಟ್ಟು ಕೈಬಿಡಿ. ಕ್ರಿ.ಪೂ. 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ರೇಖಾಗಣಿತದ ತನ್ನ ಗ್ರಂಥವನ್ನು ಬಿಂದುವಿನ ವ್ಯಾಖ್ಯೆಯಿಂದಲೇ ಆರಂಭಿಸಿದನು, ನಿಜ. ಆದರೆ ಅದು ಆಗಲೇ ತಿಳಿದಿದ್ದ ವಿಷಯವನ್ನು ತರ್ಕಬದ್ಧವಾಗಿ ಜೋಡಿಸಲು ಹೊರಟವನ ಕ್ರಮವೇ ಹೊರತು ಹೊಸದಾಗಿ ಕಲಿಯುವವರ ಕ್ರಮವಲ್ಲ. 1899ರಲ್ಲಿ ಜರ್ಮನ್ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ರೇಖಾಗಣಿತದ ತಳಪಾಯವನ್ನು ಮತ್ತೆ ಕಟ್ಟಿದಾಗ ಬಿಂದು, ರೇಖೆ, ಸಮತಲ ಈ ಮೂರನ್ನೂ ವ್ಯಾಖ್ಯಾನಿಸದೆ ಬಿಟ್ಟು, ಅವುಗಳ ನಡುವಿನ ಸಂಬಂಧಗಳನ್ನು ಮಾತ್ರ ನಿಯಮಗಳಾಗಿ ಹೇಳಿದನು. ಗಣಿತಜ್ಞರೇ ಹಾಗೆ ಬಿಟ್ಟಿರುವುದನ್ನು ಮಕ್ಕಳ ಬಾಯಲ್ಲಿ ಪಾಠ ಒಪ್ಪಿಸಿಕೊಂಡು ನಾವು ಗಳಿಸುವುದೇನೂ ಇಲ್ಲ.

ಅದರ ಬದಲು ಕೈಗೆ ಸಿಗುವ ಘನವಸ್ತುವಿನಿಂದ ಹಿಂದಕ್ಕೆ ಬನ್ನಿ. ಒಂದು ರಟ್ಟಿನ ಪೆಟ್ಟಿಗೆಯನ್ನು ಕೊಟ್ಟು ಮುಖಗಳೆಷ್ಟು, ಅಂಚುಗಳೆಷ್ಟು, ಮೂಲೆಗಳೆಷ್ಟು ಎಂದು ಎಣಿಸಲು ಹೇಳಿ. ಮುಖಗಳು 6, ಮೂಲೆಗಳು 8 ಎಂಬುದು ಬೇಗ ಬರುತ್ತದೆ. ಅಂಚುಗಳನ್ನು ಎಣಿಸುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗುತ್ತದೆ. ಮೇಲೆ 4, ಕೆಳಗೆ 4, ನಿಂತಿರುವುವು 4, ಒಟ್ಟು 12 ಎಂದು ಕ್ರಮವಾಗಿ ಎಣಿಸುವ ಉಪಾಯ ಯಾರಾದರೊಬ್ಬ ಮಗುವಿಗೆ ಹೊಳೆಯುವವರೆಗೆ ಕಾಯುವುದು ಒಳ್ಳೆಯದು. ಮುಖದ ಮೇಲೆ ಅಂಗೈ ಆಡಿಸಿದಾಗ ಸಮತಲ, ಅಂಚಿನ ಮೇಲೆ ಬೆರಳು ಎಳೆದಾಗ ರೇಖಾಖಂಡ, ಅಂಚುಗಳು ಕೂಡುವ ತುದಿಯನ್ನು ಮುಟ್ಟಿದಾಗ ಬಿಂದು, ಹೀಗೆ ಹೆಸರುಗಳು ಅನುಭವದ ಬೆನ್ನಿಗೆ ಬಂದರೆ ಅವು ಮರೆಯುವುದಿಲ್ಲ. ಅಂಚನ್ನು ಎರಡೂ ಕಡೆ ಕೊನೆಯಿಲ್ಲದಂತೆ ಬೆಳೆಸಿದರೆ ಸರಳರೇಖೆ, ಒಂದೇ ಕಡೆ ಬೆಳೆಸಿದರೆ ಕಿರಣ ಎಂಬುದಕ್ಕೆ ಆಮೇಲೆ ಎರಡು ನಿಮಿಷ ಸಾಕು.

ಎರಡನೆಯ ದಿನಕ್ಕೆ ಕಾಗದ ಮಡಿಸುವುದನ್ನು ಇಟ್ಟುಕೊಳ್ಳಿ. ಅಂಚುಗಳೆಲ್ಲ ಅಂಕುಡೊಂಕಾಗಿ ಹರಿದ ಕಾಗದವನ್ನೇ ಕೊಡಬೇಕು, ಏಕೆಂದರೆ ನೇರ ಅಂಚಿನ ಹಾಳೆ ಕೊಟ್ಟರೆ ಅದರ ಮೂಲೆಯಲ್ಲೇ ಉತ್ತರ ಸಿದ್ಧವಾಗಿರುತ್ತದೆ. ಒಮ್ಮೆ ಮಡಿಸಿ ಒತ್ತಿದರೆ ನೇರವಾದ ಗೆರೆ ಮೂಡುತ್ತದೆ. ಆ ಮಡಿಕೆಯ ಗೆರೆ ತನ್ನ ಮೇಲೆ ತಾನೇ ಕೂರುವಂತೆ ಇನ್ನೊಮ್ಮೆ ಮಡಿಸಿದರೆ ಲಂಬಕೋನ ಸಿಗುತ್ತದೆ. ಬಿಡಿಸಿ ನೋಡಿದಾಗ ಎರಡು ಗೆರೆಗಳು ಒಂದು ಬಿಂದುವಿನಲ್ಲಿ ಛೇದಿಸಿ ನಾಲ್ಕು ಕೋನಗಳಾಗಿರುತ್ತವೆ, ಮತ್ತು ಮಡಿಸಿದಾಗ ಆ ನಾಲ್ಕೂ ಒಂದರ ಮೇಲೊಂದು ಸರಿಯಾಗಿ ಕೂರುವುದರಿಂದ ಅವು ಸಮವೆಂದು ಅಳೆಯದೆಯೇ ತಿಳಿಯುತ್ತದೆ. ಈ ಮಡಿಸಿದ ಕಾಗದವನ್ನು ಎಸೆಯಲು ಬಿಡಬೇಡಿ. ಮುಂದಿನ ಕೆಲವು ವಾರ ಅದೇ ಅವರ ಮೂಲೆಮಟ್ಟ.

ಇನ್ನು ಕೋನ. ಮಕ್ಕಳು ಹೆಚ್ಚು ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಅವಸರ ಬೇಡ. ಎರಡು ಕಿರಣಗಳು ಒಂದೇ ಬಿಂದುವಿನಿಂದ ಹೊರಟಾಗ ಆಗುವ ಆಕೃತಿ ಎಂದು ಕಲಿತ ಮಗು ಪುಟದ ಮೇಲೆ ಕಾಣುವುದು ಎರಡು ಗೆರೆಗಳನ್ನು ಮಾತ್ರ. ಹಾಗಾಗಿ ಉದ್ದ ಬಾಹುಗಳ 40 ಡಿಗ್ರಿಯ ಕೋನವು ಗಿಡ್ಡ ಬಾಹುಗಳ 60 ಡಿಗ್ರಿಯ ಕೋನಕ್ಕಿಂತ ದೊಡ್ಡದೆಂದು ಅದು ನಂಬುತ್ತದೆ. ಕೋನವೆಂದರೆ ತಿರುವಿನ ಅಳತೆ ಎಂಬ ಕಲ್ಪನೆ ಮೊದಲು ಮೈಗೆ ಬರಬೇಕು. ಎರಡು ರಟ್ಟಿನ ಪಟ್ಟಿಗಳನ್ನು ತುದಿಯಲ್ಲಿ ಗುಂಡುಪಿನ್ನಿನಿಂದ ಜೋಡಿಸಿ, ಒಂದನ್ನು ಒತ್ತಿ ಹಿಡಿದು ಇನ್ನೊಂದನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಲಿ. ಮಡಿಸಿದ ಕಾಗದದ ಮೂಲೆಗಿಂತ ಕಡಿಮೆ ತೆರೆದಿದ್ದರೆ ಲಘುಕೋನ, ಹೆಚ್ಚಾದರೆ ವಿಶಾಲಕೋನ, ಎರಡು ಪಟ್ಟಿಗಳು ಒಂದೇ ನೇರಕ್ಕೆ ಬಂದರೆ ಸರಳಕೋನ. ಬಳಿಕ ಒಂದು ಪಟ್ಟಿಯನ್ನು ಕತ್ತರಿಸಿ ಗಿಡ್ಡ ಮಾಡಿ, ಕೋನ ಬದಲಾಯಿತೇ ಎಂದು ಕೇಳಿ. ಈ ಒಂದು ಪ್ರಶ್ನೆ ಹತ್ತು ಲೆಕ್ಕಗಳಿಗೆ ಸಮ ಎಂಬುದು ನನ್ನ ಅನುಭವ.

ಪೂರ್ಣ ಸುತ್ತಿಗೆ 360 ಡಿಗ್ರಿ ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ನಿಸರ್ಗದ ನಿಯಮವಲ್ಲ, 60ರ ಆಧಾರದ ಮೇಲೆ ಎಣಿಸುತ್ತಿದ್ದ ಬ್ಯಾಬಿಲೋನಿಯದ ಖಗೋಳಜ್ಞರಿಂದ ಬಂದ ಬಳಕೆ ಎಂದು ಹೇಳಿ. 360ಕ್ಕೆ 24 ಭಾಜಕಗಳಿರುವುದರಿಂದ ಅರ್ಧ, ಮೂರನೆಯ ಒಂದು, ಕಾಲು, ಐದನೆಯ ಒಂದು ಎಲ್ಲವೂ ಪೂರ್ಣಸಂಖ್ಯೆಗಳಾಗುವ ಅನುಕೂಲವನ್ನೂ ತೋರಿಸಬಹುದು. ಕೋನಮಾಪಕವನ್ನು ಇದಾದ ನಂತರವೇ ಕೊಡಿ. ಅದರಲ್ಲಿ ಎರಡು ಕಡೆಯಿಂದ ಸಾಗುವ ಎರಡು ಅಂಕೆಸಾಲುಗಳಿರುವುದರಿಂದ 60 ಎಂದು ಓದಬೇಕಾದಲ್ಲಿ 120 ಎಂದು ಓದುವುದು ಸಾಮಾನ್ಯ. ಅಳೆಯುವ ಮೊದಲು, ಇದು ಲಂಬಕೋನಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಸಿದರೆ ಈ ತಪ್ಪು ತಾನಾಗಿ ನಿಲ್ಲುತ್ತದೆ. ಪ್ಲಾಸ್ಟಿಕ್ಕಿನ ಕೆಳ ಅಂಚನ್ನಲ್ಲ, ಸೊನ್ನೆಯ ಗೆರೆಯನ್ನು ಬಾಹುವಿಗೆ ಹೊಂದಿಸಬೇಕೆಂಬುದನ್ನು ಮಾತ್ರ ಪ್ರತಿಯೊಬ್ಬರ ಪಕ್ಕದಲ್ಲೂ ಕುಳಿತು ನೋಡಬೇಕಾಗುತ್ತದೆ.

ತಮ್ಮ ತಿರುಗಿದ ಚೌಕದ ಸಮಸ್ಯೆಯಲ್ಲಿ ಮಕ್ಕಳ ತಪ್ಪಿಗಿಂತ ನಮ್ಮದೇ ಹೆಚ್ಚು. ನಾನು ಒಂದಿಡೀ ವರ್ಷ ಎಲ್ಲ ತ್ರಿಭುಜಗಳನ್ನೂ ಪಾದ ಕೆಳಗೆ ಅಡ್ಡವಾಗಿರುವಂತೆಯೇ ಬರೆದಿದ್ದೆ. ವರ್ಷದ ಕೊನೆಗೆ ಶೃಂಗ ಕೆಳಗಾದ ತ್ರಿಭುಜವನ್ನು ಕಂಡು ಒಬ್ಬ ಹುಡುಗಿ ಇದು ತಲೆಕೆಳಗಾಗಿದೆ, ನೇರ ಮಾಡಿ ಎಂದಳು. ನೆದರ್ಲೆಂಡ್ಸ್‌ನ ಪಿಯರೆ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ ಎಂಬ ಶಿಕ್ಷಕ ದಂಪತಿ 1957ರಲ್ಲಿ ತಮ್ಮ ಸಂಶೋಧನೆಯಲ್ಲಿ ತೋರಿಸಿದ್ದು ಇದನ್ನೇ: ಕಲಿಯುವವರು ಮೊದಲು ಆಕೃತಿಯನ್ನು ಒಟ್ಟು ರೂಪದಿಂದ ಗುರುತಿಸುತ್ತಾರೆ, ಆಮೇಲೆ ಅದರ ಗುಣಗಳನ್ನು ಗಮನಿಸುತ್ತಾರೆ, ಗುಣಗಳ ನಡುವಿನ ಸಂಬಂಧವನ್ನು ಅದಕ್ಕೂ ನಂತರ ಕಾಣುತ್ತಾರೆ, ಶಿಕ್ಷಕರು ಮೇಲಿನ ಹಂತದ ಭಾಷೆಯಲ್ಲಿ ಮಾತನಾಡಿದರೆ ಕೆಳಗಿನ ಹಂತದಲ್ಲಿರುವವರಿಗೆ ಅದು ತಲುಪುವುದಿಲ್ಲ. ತಮ್ಮ ಮಕ್ಕಳು ಇನ್ನೂ ಮೊದಲ ಹಂತದಲ್ಲಿದ್ದಾರೆ, ಅಷ್ಟೇ.

ಅಲ್ಲಿಂದ ಮೇಲೆ ಹತ್ತಿಸಲು ನಾಲ್ಕು ಸಮ ಉದ್ದದ ಪಟ್ಟಿಗಳನ್ನು ಪಿನ್ನಿನಿಂದ ಜೋಡಿಸಿ ಚೌಕ ಮಾಡಿಸಿ, ಒಂದು ಮೂಲೆಯನ್ನು ತಳ್ಳಲು ಹೇಳಿ. ಬಾಹುಗಳು ಸಮವಾಗಿಯೇ ಉಳಿದು ಆಕೃತಿ ವಜ್ರಾಕೃತಿಯಾಗಿ ವಾಲುತ್ತದೆ. ಹಾಗಾದರೆ ನಾಲ್ಕು ಬಾಹುಗಳು ಸಮವಾಗಿದ್ದರೆ ಚೌಕ ಎನ್ನುವುದು ಸಾಲದು, ಇನ್ನೇನು ಸೇರಿಸಬೇಕು ಎಂಬ ಚರ್ಚೆಯಿಂದ ಹುಟ್ಟುವ ವ್ಯಾಖ್ಯೆ ಅವರದೇ ಆಗಿರುತ್ತದೆ. ಇಡೀ ಚೌಕವನ್ನು ತಿರುಗಿಸಿ, ಮಡಿಸಿದ ಕಾಗದದ ಮೂಲೆಯಿಂದ ಪರೀಕ್ಷಿಸಿ ನೋಡಿದಾಗ ಅದು ಚೌಕವಾಗಿಯೇ ಉಳಿದಿದೆ ಎಂದು ಅವರೇ ಒಪ್ಪುತ್ತಾರೆ. ಅದೇ ಪಟ್ಟಿಗಳಲ್ಲಿ ಮೂರರಿಂದ ಮಾಡಿದ ತ್ರಿಭುಜ ತಳ್ಳಿದರೂ ಅಲುಗದು. 3, 4, 8 ಸೆಂಟಿಮೀಟರ್ ಕಡ್ಡಿಗಳಿಂದ ತ್ರಿಭುಜವಾಗದು, 3, 4, 7ರಿಂದ ಮಾಡಲು ಹೋದರೆ ಚಪ್ಪಟೆಯಾಗಿ ಮಲಗುತ್ತದೆ. ವೃತ್ತ, ಸುತ್ತಳತೆ, ವಿಸ್ತೀರ್ಣಗಳು ಇನ್ನೊಂದು ತಿಂಗಳು ಕಾದರೂ ನಷ್ಟವಿಲ್ಲ.

ಸಾಧನೆಯ ಪ್ರಶ್ನೆಗೆ ಬರುತ್ತೇನೆ. ತ್ರಿಭುಜದ ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕದಲ್ಲಿ ಜೋಡಿಸಿದರೆ ಸರಳಕೋನವಾಗುವುದನ್ನು ಖಂಡಿತ ತೋರಿಸಿ, ಆದರೆ ಅದನ್ನು ಸಾಧನೆ ಎಂದು ಕರೆಯಬೇಡಿ. ಕೋನಮಾಪಕದಿಂದ ಅಳೆದರೆ ಒಬ್ಬರಿಗೆ 179, ಇನ್ನೊಬ್ಬರಿಗೆ 182 ಬರಬಹುದು. ಆ ವ್ಯತ್ಯಾಸವನ್ನು ಮುಚ್ಚಿಡದೆ ಕರಿಹಲಗೆಯ ಮೇಲೆ ಬರೆದು, ನಾವು ಅಳೆಯದ ತ್ರಿಭುಜಗಳಲ್ಲೂ ಹೀಗೆಯೇ ಇರುತ್ತದೆಂದು ಹೇಗೆ ಹೇಳುವುದು ಎಂದು ಕೇಳಿ, ಅಲ್ಲಿಗೇ ನಿಲ್ಲಿಸಿ. ಸಮಾಂತರ ರೇಖೆಗಳು ಮತ್ತು ಅವನ್ನು ಅಡ್ಡ ಹಾಯುವ ಗೆರೆಯಾದ ಛೇದಕದ ಪಾಠವಾದ ಮೇಲೆ, ಒಂದು ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದು, ಪರ್ಯಾಯ ಕೋನಗಳು (ಸಮಾಂತರ ರೇಖೆಗಳ ನಡುವೆ, ಛೇದಕದ ಒಂದೊಂದು ಪಕ್ಕದಲ್ಲಿ, ಒಂದೊಂದು ರೇಖೆಯೊಡನೆ ಆಗುವ ಕೋನಗಳು) ಸಮವೆಂಬುದನ್ನು ನೆನಪಿಸಿದರೆ, ಹರಿದು ಜೋಡಿಸಿದ್ದ ಆ ಮೂರು ಮೂಲೆಗಳು ಹರಿಯದೆಯೇ ಅದೇ ಗೆರೆಯ ಮೇಲೆ ಸಾಲಾಗಿ ಕುಳಿತಿರುವುದನ್ನು ಅವರು ಕಾಣುತ್ತಾರೆ.