ದುಬೈ ಮಾಲ್ ಅಕ್ವೇರಿಯಂ: ಟಿಕೆಟ್ ಬೇಕಾ, ಬೇಡ್ವಾ?

ವಯಸ್ಸಾದ ಅಪ್ಪ-ಅಮ್ಮ, ನಾಲ್ಕು ವರ್ಷದ ಮಗಳು, ಕೈಯಲ್ಲಿ ಅರ್ಧ ದಿನ. ಟಿಕೆಟ್ ತಗೊಳ್ಳೋದಾ ಅಂತ ಕೇಳಿದ್ದೀರಿ. ಮೊದಲು ಪುಕ್ಕಟೆ ನೋಡಿ. ಒಂದು ಕೋಟಿ ಲೀಟರಿನ ಆ ತೊಟ್ಟಿಯ ಮುಂಭಾಗ ಮಾಲ್ ಒಳಗೇ ಇದೆ. ಸುಮಾರು 33 ಮೀಟರ್ ಅಗಲದ ಅಕ್ರಿಲಿಕ್ ಗೋಡೆ. ಶಾರ್ಕು, ತೊರಕೆ ಮೀನು ಅಲ್ಲಿಂದಲೇ ಕಾಣುತ್ತವೆ. ದುಡ್ಡು ಕೊಡೋದು 48 ಮೀಟರಿನ ಸುರಂಗಕ್ಕೆ, ಮೇಲಿನ ಮಹಡಿಯ ಅಂಡರ್‌ವಾಟರ್ ಝೂಗೆ. ಮಗು ಗೋಡೆ ಮುಂದೆ ಹತ್ತು ನಿಮಿಷ ನಿಂತರೆ ತಗೊಳ್ಳಿ, ಐಸ್‌ಕ್ರೀಮ್ ಕಡೆ ಎಳೆದರೆ ಬಿಡಿ.

ಮೆಟ್ರೋ ನಿಲ್ದಾಣದ ಹೆಸರಲ್ಲಿ 'ದುಬೈ ಮಾಲ್' ಇದೆ ಅಂತ ಮೋಸಹೋಗಬೇಡಿ. ಇಳಿದ ಮೇಲೆ ಎಸಿ ಮೇಲ್ಸೇತುವೆಯಲ್ಲಿ ಹತ್ತು-ಹದಿನೈದು ನಿಮಿಷ ನಡೀಬೇಕು, ಮಾಲ್ ಒಳಗಿನ ನಡಿಗೆ ಬೇರೆ. ಮಂಡಿನೋವು ಇದ್ದರೆ ಟ್ಯಾಕ್ಸಿಯೇ ಸರಿ. ಅಲ್ಲಿ 2022ರಿಂದ ವಾರದ ರಜೆ ಶನಿವಾರ-ಭಾನುವಾರ. ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ.

ಫೋಟೋಗೆ ಫ್ಲ್ಯಾಶ್ ಬೇಡ. ಬೆಳಕು ಅಕ್ರಿಲಿಕ್‌ಗೆ ಬಡಿದು ವಾಪಸ್ ಬರುತ್ತೆ, ಮೀನಿನ ಬದಲು ಬಿಳಿ ಚುಕ್ಕೆ ಸಿಗುತ್ತೆ. ಫೋನನ್ನು ಗೋಡೆಗೆ ಹತ್ತಿರ, ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ಅಷ್ಟು ದಪ್ಪದ ಅಕ್ರಿಲಿಕ್‌ನಲ್ಲಿ ಬೆಳಕು ಬಾಗಿ, ಚಿತ್ರ ಮಸುಕಾಗಿ ಎಳೆದಂತೆ ಬರುತ್ತೆ. ಅಮ್ಮನಿಗೊಂದು ಶಾಲು ಇರಲಿ, ಎಸಿ ಚಳಿ ಜೋರು.