ಟೇಪು ಹಿಡ್ಕೊಂಡು ಹೋದವರು ಯಾರು? (ಸಂಪಾದಕರ ಉತ್ತರ)

ಬದಿಯಡ್ಕದ ರಿಟೈರ್ಡ್ ಮಾಷ್ಟ್ರೊಬ್ಬರು ಬರೆದಿದ್ದಾರೆ: "ಅಂಟಾರ್ಕ್ಟಿಕಾದಲ್ಲಿ 8,000 ವರ್ಷ ಹಿಂದೆ ಐಸ್ 450 ಮೀಟರ್ ತಗ್ಗಿತ್ತು ಅಂತ ಹಾಕಿದ್ದೀರಿ. ಆಗ ಟೇಪು ಹಿಡ್ಕೊಂಡು ಹೋದವರು ಯಾರು? ಕಂಪ್ಯೂಟರ್ ಮಾಡೆಲ್ ಅಂದ್ರೆ ಕವಡೆ ಹಾಕಿದ ಹಾಗೇ ಅಲ್ವಾ? ನಮ್ಮ ಕಾಸರಗೋಡಿನ ಮುಸೋಡಿ ಕಡಲ್ಕೊರೆತಕ್ಕೂ ಇದೇ ಕಾರಣವಾ?"

ಮಾಷ್ಟ್ರೇ, ಪ್ರಶ್ನೆ ಲಾಯ್ಕುಂಟು, ಕವಡೆ ಮಾತು ಮಾತ್ರ ಒಪ್ಪುದಿಲ್ಲ. ಟೇಪು ಐಸಿನ ಒಳಗೇ ಉಂಟು ಮಾರಾಯ್ರೇ. ಹಿಮ ಬಿದ್ದು ಬಿದ್ದು ಒತ್ತಿ ಐಸ್ ಆಗುವಾಗ ಆಗಿನ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಒಳಗೆ ಸಿಕ್ಕಿ ಬೀಳ್ತದೆ. ಸುಳ್ಯದಿಂದ ಮಡಿಕೇರಿ ಘಾಟಿ ಹತ್ತುವಾಗ ಕಿವಿ ಕಟ್ಟುದಿಲ್ವಾ, ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಎತ್ತರದಲ್ಲಿ ಆದ ಐಸಲ್ಲಿ ಸಿಕ್ಕಿಬಿದ್ದ ಗಾಳಿಯೂ ಕಮ್ಮಿ, ತಗ್ಗಲ್ಲಿ ಆದದ್ದರಲ್ಲಿ ಜಾಸ್ತಿ. ಒಂದು ತುಂಡು ಕರಗಿಸಿ ಗಾಳಿ ಅಳೆದ್ರೆ ಆ ಪದರ ಆಗುವಾಗ ಐಸಿನ ನೆತ್ತಿ ಎಷ್ಟು ಎತ್ತರದಲ್ಲಿತ್ತು ಅಂತ ಅಂದಾಜು ಸಿಗ್ತದೆ.

ನಾವು ಬರೆದದ್ದು ಪಶ್ಚಿಮ ಅಂಟಾರ್ಕ್ಟಿಕಾದ ಸ್ಕೈಟ್ರೇನ್ ಐಸ್ ರೈಸ್ (ತೇಲುವ ಐಸಿನ ಪಕ್ಕ ನೆಲಕ್ಕೆ ಕೂತ ಐಸ್ ದಿಬ್ಬ) ಅನ್ನುವ ಜಾಗದ 651 ಮೀಟರ್ ಉದ್ದದ ಕೋರ್, ಅಂದ್ರೆ ಕೊರೆದು ತೆಗೆದ ಐಸ್ ಕಂಬದ ಬಗ್ಗೆ. ಕೇಂಬ್ರಿಡ್ಜ್ ಯುನಿವರ್ಸಿಟಿ ಮತ್ತೆ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯವರು ಅದರ ಫಲಿತಾಂಶ 2024ರಲ್ಲಿ ಪ್ರಕಟಿಸಿದ್ರು. ಗುಳ್ಳೆಯ ಗಾಳಿ ಒಂದು ಸಾಕ್ಷಿ. ನೀರಿನ ಐಸೋಟೋಪ್ (ಒಂದೇ ಮೂಲವಸ್ತುವಿನ ಹಗುರ, ಭಾರ ರೂಪಗಳು) ಇನ್ನೊಂದು, ನೆತ್ತಿ ತಗ್ಗಿದ್ರೆ ಅಲ್ಲಿ ಬೆಚ್ಚಗಾಗ್ತದಲ್ಲ, ಅದರ ಗುರುತು. ಮೇಲಿಂದ ಸೋಡಿಯಂ, ಅಂದ್ರೆ ಕಡಲ ಉಪ್ಪು, ಸಮುದ್ರ ಹತ್ತಿರ ಬಂದ ಹಾಗೆ ಏರಿದ್ದು. ಆ 450 ಮೀಟರ್ ಐಸ್ ಹೋಗ್ಲಿಕ್ಕೆ 200 ವರ್ಷವೂ ಬೇಕಾಗ್ಲಿಲ್ಲ, ನನಗೆ ಇಡೀ ಲೇಖನದಲ್ಲಿ ತಲೆ ಕೆಡಿಸಿದ್ದು ಅದೇ.

ಈಗ ಮಾಡೆಲ್. ಕೋರ್ ಹೇಳುದು ಒಂದು ಜಾಗದ ಕಥೆ, ಸುತ್ತಲಿನ ಸಾವಿರಾರು ಕಿಲೋಮೀಟರಿಗೆ ಲೆಕ್ಕವೇ ಗತಿ: ಹಿಮ ಎಷ್ಟು ಬಿತ್ತು, ಅಡಿಯ ಬಂಡೆ ಹೇಗುಂಟು, ಕಡಲ ನೀರು ಎಷ್ಟು ಬಿಸಿ ಅಂತ ಕೊಟ್ಟು ಐಸ್ ಹರಿಯುವ ಭೌತಶಾಸ್ತ್ರ ಓಡಿಸ್ತಾರೆ. ಅಲ್ಲಿ ಐಸ್ ಹಿಂದೆ ಸರಿದದ್ದು ಮಾಡೆಲ್‌ಗಳಿಗೂ ಗೊತ್ತಿತ್ತು, ಯಾವಾಗ ಅನ್ನುದರಲ್ಲಿ ಸಾವಿರಾರು ವರ್ಷದ ವ್ಯತ್ಯಾಸ. ಈಗ ಕೋರ್ ತಾರೀಕು ಕೊಟ್ಟಿದೆ, ತಾಳೆ ಆಗದ್ದನ್ನು ರಿಪೇರಿ ಮಾಡ್ಬೇಕು. ಕವಡೆಯವರು ಹೀಗೆ ಹಳೇ ಪ್ರಶ್ನೆಗೆ ತಿರುಗಿ ಪರೀಕ್ಷೆಗೆ ಕೂತದ್ದು ನೋಡಿದ್ದೀರಾ?

ಮುಸೋಡಿಗೆ ಇದನ್ನು ಸೀದಾ ಗಂಟು ಹಾಕ್ಬೇಡಿ, ಮಳೆಗಾಲದ ಅಲೆ, ಮರಳು ಸರಿಯುದು ಎಲ್ಲ ಬೇರೆ ಲೆಕ್ಕ. ಅಂಟಾರ್ಕ್ಟಿಕಾ ಪೂರ್ತಿ ಕರಗಿದ್ರೆ ಕಡಲು ಸುಮಾರು 58 ಮೀಟರ್ ಏರ್ತದೆ ಅಂತ ಓದಿ ಹೆದರುವವರೂ ಇದ್ದಾರೆ, ಅದಕ್ಕೆ ಸಾವಿರಾರು ವರ್ಷ ಬೇಕು. ಯೋಚನೆ ಮಾಡ್ಬೇಕಾದ್ದು ಪಶ್ಚಿಮ ಭಾಗದ್ದು, ಅಲ್ಲಿ ಹೆಚ್ಚಿನ ಕಡೆ ಐಸಿನ ಅಡಿಯ ಬಂಡೆಯೇ ಕಡಲ ಮಟ್ಟಕ್ಕಿಂತ ಕೆಳಗುಂಟು, ಬೆಚ್ಚಗಿನ ಕಡಲ ನೀರು ಅಡಿಗೆ ನುಗ್ಗಿದ್ರೆ ತಡೀಲಿಕ್ಕೆ ಕಷ್ಟ.